ಯತೀಶನ ಹಾಲ್ಗಡಲು

ಮೋಕ್ಷಿತಾಳಿಗೆ ವರ್ಷ ತುಂಬಿದ್ದೇ ಅವಳಪ್ಪ ಯತೀಶನ ಫಜೀತಿಗೆ ಕಾರಣವಾಯಿತು. ಇನ್ನು ತಾಯಿಹಾಲಿನ ಜೊತೆಗೆ ಕಾಯಿಸಿದ ಹಾಲನ್ನೂ ಲೋಟದಲ್ಲಿ ಕುಡಿಸಿ ಎಂದಿದ್ದರು ಡಾಕ್ಟರು. ಯಾರ ಮನೆ ಹಾಲು ಎಂದು ಹೇಳಿರಲಿಲ್ಲ. ಅದನ್ನು ಹೇಳುವುದಕ್ಕೆ ತ್ರಾಸಿಯಂಥ ಊರಿನಲ್ಲಿ ಡಾಕ್ಟರೇ ಬೇಕೇ?

ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ನಾಳೆ ಬೋಟು ಕಡಲಿಗೆ ಇಳಿಯುವುದಿತ್ತು. ಅಷ್ಟೂ ದಿನ ಮಗು ನೋಡಿಕೊಂಡಿದ್ದ ಯತೀಶ ತೊಟ್ಟಿಲು ತೂಗುವಾಗಲೂ ಮನಸ್ಸಿನಲ್ಲಿ ಬೋಟಿನ ಮೇಲೇ ಇರುತ್ತಿದ್ದ. ಪುಣ್ಯಾತ್ಮನಿಗೆ ಕಡಲೆಂದರೆ ಅಷ್ಟು ಆಸೆ. ಬೈಂದೂರಿನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟ ಹೆಂಡತಿ ಧನ್ಯಶ್ರೀ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಇವತ್ತ್ ಮಗು ಲೋಟದಗೆ ಹಾಲ್ ಕುಡ್ದ್ರೆ ವನಜಕ್ಕ ನೋಡ್ಕಂತ್ರ್, ನೀವ್ ನಾಳೆ ಬೋಟಿಗೆ ಹೋಯ್ನಿ. ಇಲ್ದಿರೆ ಮನೆಗೇ ಇರಿ."

ಮಾತು ಬೇಲಿ ದಾಟಲು ಎಷ್ಟು ಹೊತ್ತು? ಪಕ್ಕದ ಮನೆಯ ವನಜಕ್ಕ ಗಿಂಡಿಯಲ್ಲಿ ಊರ ದನದ ಹಾಲು ತಂದು, ಪ್ಯಾಕೆಟ್ ಹಾಲು ಬರೀ ಬಿಳಿ ನೀರು ಎಂದರು. ಎದುರು ಅಂಗಡಿಯ ಚಂದ್ರ ಪ್ಯಾಕೆಟ್ ಹಿಡಿದು ಬಂದು, ಕೊಟ್ಟಿಗೆ ಹಾಲನ್ನು ಪರೀಕ್ಷೆ ಮಾಡಿದವರು ಯಾರು ಎಂದ. ಕಾಯಿ ಕೀಳಲು ಬಂದಿದ್ದ ಮುತ್ತ, ಆಡಿನ ಹಾಲಿಗೆ ಸಮ ಇಲ್ಲ ಎಂದು ಒಂದು ಬಾಟಲಿ ತಂದಿಟ್ಟ.

ಯತೀಶ ಮೂರನ್ನೂ ಕಾಯಿಸಿ ಆರಿಸಿದ. ಮಗಳು ಮೊದಲನೆಯದಕ್ಕೆ ಬಾಯಿ ಬಿಗಿದಳು. ಎರಡನೆಯದನ್ನು ಗುಳ್ಳೆ ಮಾಡಿ ಊದಿದಳು. ಮೂರನೆಯದು ಅವನ ಅಂಗಿಯ ಪಾಲಾಯಿತು. ಹಾಲು ಚೆಲ್ಲಿದರೆ ಪಾಪ, ವಾಪಸು ಕೊಟ್ಟರೆ ಮುನಿಸು. ಉಳಿದದ್ದನ್ನೆಲ್ಲ ತಾನೇ ಕುಡಿದು, ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಕಣ್ಣು ಮುಚ್ಚಿದ.

ಮರವಂತೆಯ ಕಡಲು ಪೂರ್ತಿ ಹಾಲಾಗಿತ್ತು. ತೆರೆಗಳು ಸದ್ದಿಲ್ಲದೆ ಉಕ್ಕಿ ದಡದಲ್ಲಿ ಕೆನೆಗಟ್ಟುತ್ತಿದ್ದವು. ಅವನ ಬೋಟು ಆ ಬಿಳುಪಿನ ಮೇಲೆ ಮೆಲ್ಲಗೆ ತೇಲುತ್ತಿತ್ತು. ಬಂಗುಡೆ ಮೀನುಗಳು ಬೆಳ್ಳಿಯಂತೆ ಹೊಳೆದು ಮುಳುಗುತ್ತಿದ್ದವು. ಚುಕ್ಕಾಣಿ ಹಿಡಿದು ಕೂತಿದ್ದವಳು ಮೋಕ್ಷಿತಾ. ಎಷ್ಟು ದೂರ ಹೋದರೂ ಅವಳು ಅಳಲಿಲ್ಲ. ಯತೀಶನಿಗೆ ಎಂದೂ ಇಲ್ಲದ ಸುಖವಾಯಿತು.

ಎಚ್ಚರವಾದಾಗ ಮನೆಮನೆಯಲ್ಲೂ ದೀಪ ಹಚ್ಚಿಯಾಗಿತ್ತು. ಧನ್ಯಶ್ರೀಯ ಬಸ್ಸು ಬರುವ ಹೊತ್ತು. ಮನೆಯಲ್ಲಿ ಹನಿ ಹಾಲಿಲ್ಲ. ಮಗುವನ್ನು ಎತ್ತಿಕೊಂಡು ವನಜಕ್ಕನ ಬಾಗಿಲಿಗೆ ಓಡಿದ.

"ದೀಪ ಹಚ್ಚಿ ಆಯ್ತಲ್ದಾ ಮಾರಾಯ. ಇನ್ ಹಾಲ್ ಹೊರಗ್ ಕೊಡುಕಾಗ, ದನ ಬತ್ತುತ್," ಎಂದರು ವನಜಕ್ಕ. ಮುತ್ತನ ಆಡಿಗೂ ಅದೇ ಶಾಸ್ತ್ರ ಅಂತೆ. ಚಂದ್ರನ ಅಂಗಡಿಯಲ್ಲಿ ಪ್ಯಾಕೆಟ್ ಖಾಲಿ.

ಮನೆಗೆ ಮರಳಿದಾಗ ಗಂಜಿಯ ಪಾತ್ರೆ ಕಣ್ಣಿಗೆ ಬಿತ್ತು. ಮೇಲೆ ಬೆಳ್ಳಗೆ ತಿಳಿ ನಿಂತಿತ್ತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಯತೀಶ ಅದನ್ನೇ ಲೋಟಕ್ಕೆ ಬಗ್ಗಿಸಿದ. ಧನ್ಯಶ್ರೀ ಒಳಗೆ ಕಾಲಿಡುವಾಗ ಮಗಳು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.

ಧನ್ಯಶ್ರೀಯ ಕಣ್ಣು ತುಂಬಿತು. ಅವಳ ಬೆನ್ನಿಗೇ ವನಜಕ್ಕ, ಚಂದ್ರ, ಮುತ್ತ ಬಾಗಿಲಲ್ಲಿ ನಿಂತಿದ್ದರು.

"ಯಾರ್ ಹಾಲ್ ಇದ್?" ಕೇಳಿದರು ವನಜಕ್ಕ.

ಒಬ್ಬರ ಹೆಸರು ಹೇಳಿದರೆ ಉಳಿದಿಬ್ಬರು ಜನ್ಮಕ್ಕೂ ಮಾತಾಡುವುದಿಲ್ಲ. "ತಳದಗೆ ಉಳ್ದದ್ ಮೂರೂ ಬೆರ್ಸಿದ್ದೆ," ಎಂದ ಯತೀಶ.

ಎಲ್ಲರ ಮುಖವೂ ಅರಳಿತು. ನಾಳೆಯಿಂದ ಅಡ್ಡಿಯಿಲ್ಲ, ಹಗಲು ಮಗು ತಮ್ಮ ಹತ್ತಿರವೇ ಇರಲಿ ಎಂದು ವನಜಕ್ಕ ಲೋಟ ತೆಗೆದುಕೊಂಡು ಮಗುವಿನ ಬಾಯಿಗೆ ಹಿಡಿದರು. ಮೋಕ್ಷಿತಾ ತುಟಿ ಬಿಗಿದಳು. ಧನ್ಯಶ್ರೀ ಹಿಡಿದಾಗ ಮಗಳು ಮುಖ ತಿರುಗಿಸಿದಳು. ಯತೀಶನ ಕಡೆ ನೋಡಿ ಹಕ್ಕಿಮರಿಯಂತೆ ಬಾಯಿ ತೆರೆದಳು.

"ಇದ್ಕೆ ಅಪ್ಪನ ಕೈಯೇ ಆಯ್ಕ್ ಕಾಣಿ. ಬೋಟಿನ ವಿಷ್ಯ ಮುಂದಿನ ವರ್ಷ ಕಾಂಬ," ಎಂದಳು ಧನ್ಯಶ್ರೀ.

ಗಂಜಿ ತಿಳಿ ಎಂದು ಬಾಯಿ ಬಿಡುವ ಹಾಗೂ ಇರಲಿಲ್ಲ. ನಿಜ ಹೇಳಿದರೂ ಬೋಟಿಲ್ಲ, ಸುಳ್ಳು ಹೇಳಿದ್ದಕ್ಕೂ ಬೋಟಿಲ್ಲ.

ಮರುದಿನ ಬೆಳಿಗ್ಗೆ ಕಡಲ ಕಡೆಯಿಂದ ಬೋಟಿನ ಸದ್ದು ಕೇಳಿ ಬಂದು, ದೂರವಾಗಿ, ನಿಂತುಹೋಯಿತು. ಜಗಲಿಯ ಮೇಲೆ ಗಿಂಡಿ, ಪ್ಯಾಕೆಟ್, ಬಾಟಲಿ ಸಾಲಾಗಿ ಕೂತಿದ್ದವು. ಮಗಳಿಗೆ ಗಂಜಿ ತಿಳಿ ಕುಡಿಸಿ, ಯತೀಶ ತಾನು ಕುಡಿಯಲು ಗಿಂಡಿಯನ್ನು ಎತ್ತಿಕೊಂಡ.