ಊಟಕ್ಕಾಗಿ ಒಂದು ಇರಾನಿ ಸಿನಿಮಾ

ಹೆಂಡತಿ ಶಿರೀಷಾ ತಂಗಿಯ ಬಾಣಂತನಕ್ಕೆಂದು ಒಂದು ವಾರ ತೊಂಡೇಬಾವಿಗೆ ಹೊರಟಾಗ ಮುರಳಿಮೋಹನನನ್ನು ವಿರಹಕ್ಕಿಂತ ಮೊದಲು ಹಸಿವೇ ಕಾಡಿತು. ಅವನಿಗೆ ಅಡುಗೆ ಬಾರದು, ಹೋಟೆಲ್ ಊಟ ಹೊಟ್ಟೆಗೆ ಆಗದು. ಗೌರಿಬಿದನೂರಿನ ಆ ವಠಾರದಲ್ಲಿ ಯಾರನ್ನಾದರೂ ಕೇಳೋಣವೆಂದರೆ ಹೈಸ್ಕೂಲ್ ಗುಮಾಸ್ತನ ಗತ್ತು ಅಡ್ಡ ಬಂತು.

ಆಗ ಅಲೀಪುರದ ಗೆಳೆಯ ಕೊಟ್ಟಿದ್ದ ಇರಾನಿ ಸಿನಿಮಾದ ನೆನಪಾಯಿತು. ಬಡವರ ಮನೆಗೆ ದಿಢೀರನೆ ನೆಂಟರು ಬರುತ್ತಾರೆ, ಮನೆಯಲ್ಲಿ ಏನೂ ಇಲ್ಲ; ನೆರೆಹೊರೆಯವರೆಲ್ಲ ಓಡಾಡಿ ಔತಣವನ್ನೇ ಮಾಡಿಹಾಕುತ್ತಾರೆ. ವಠಾರದವರು ಇದನ್ನೊಮ್ಮೆ ನೋಡಿದರೆ ಮನಸ್ಸು ಕರಗಿ, ವಾರವಿಡೀ ತನಗೆ ಊಟ ಹರಿದುಬರುತ್ತದೆ ಎಂದು ಹಿಗ್ಗಿದ. ಸಂಜೆಯೇ ಎಲ್ಲರನ್ನೂ ಕರೆದು ಟೀವಿ ಮುಂದೆ ಕೂರಿಸಿದ.

ಪಾರಸಿ ಮಾತು ಯಾರಿಗೂ ತಿಳಿಯದು, ಕೆಳಗಿನ ಇಂಗ್ಲಿಷ್ ಓದುವ ವ್ಯವಧಾನವೂ ಇಲ್ಲ. ಮುರಳಿಯೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳತೊಡಗಿದ. ತೆರೆಯ ಮೇಲೆ ಮುದುಕನೊಬ್ಬ ಕೆಟ್ಟ ಸೈಕಲ್ಲಿಗೆ ಬೈಯುತ್ತಿದ್ದರೂ ಇವನು, "ಪಕ್ಕದ ಮನೆಯೋರು ಹಸ್ಕೊಂಡಿದ್ರೆ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ ಅಂತಿದಾರೆ!" ಎನ್ನುತ್ತಿದ್ದ. ಪಕ್ಕದ ಮನೆಯ ಶ್ಯಾಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದುರು ಮನೆಯ ಆವುಲಪ್ಪ ಮೂಗು ಸೀಟಿದರು. ಮುರಳಿಯ ಬಾಯಲ್ಲಿ ಆಗಲೇ ನೀರೂರಿತು.

ಸಿನಿಮಾ ಮುಗಿಯಿತು, ದೀಪ ಹಾಕಿದ್ದಾಯಿತು. ಒಬ್ಬರೂ ಏಳಲಿಲ್ಲ.

"ಮನೆಗೆ ಬಂದೋರನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಪ್ಪ ಆ ಜನ!" ಎಂದ ಆವುಲಪ್ಪ ಚಕ್ಕಳಮಕ್ಕಳ ಹಾಕಿ ಗೋಡೆಗೊರಗಿದರು. "ನಮಗೇನೂ ಅಷ್ಟೆಲ್ಲ ಬೇಡ ಮುರಳಿ. ಅನ್ನ ಸಾರು ಹಾಕಿದ್ರೆ ಸಾಕಪ್ಪ."

ಮುರಳಿಗೆ ಆಗ ಹೊಳೆಯಿತು: ಕೂತವರೆಲ್ಲ ತಮ್ಮನ್ನು ಸಿನಿಮಾದ ನೆಂಟರೆಂದುಕೊಂಡಿದ್ದರು, ನೆರೆಯವರೆಂದು ಒಬ್ಬರೂ ಅಂದುಕೊಂಡಿರಲಿಲ್ಲ! ಊಟವಿಲ್ಲ ಎನ್ನಲು ಗುಮಾಸ್ತನ ಗತ್ತು ಬಿಡಲಿಲ್ಲ. ಅಡುಗೆಮನೆಗೆ ನುಗ್ಗಿ ಇದ್ದಬದ್ದ ಅಕ್ಕಿಯನ್ನೆಲ್ಲ ಸುರಿದ. ಕುಕ್ಕರ್ ಕೂಗಿದಾಗಲೆಲ್ಲ ಬೆಚ್ಚಿಬಿದ್ದ. ಒಗ್ಗರಣೆ ಸೀದು ವಠಾರವೇ ಕೆಮ್ಮಿತು. ಆ ಕರ್ರಗಿನ ಸಾರನ್ನು "ಇರಾನಿ ರುಚಿ" ಎಂದು ಹೊಗಳುತ್ತ ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡರು. ಬಡಿಸಿದವನಿಗೆ ಒಂದಗುಳೂ ಉಳಿಯಲಿಲ್ಲ.

ಶ್ಯಾಮಲಮ್ಮ ಕೈ ತೊಳೆದು ಬಂದರು. "ನಿನ್ನ ಹೆಂಡ್ತಿ ಎಂಥ ಹುಚ್ಚಿ ನೋಡಪ್ಪ! ತಾನು ಬರೋವರ್ಗೂ ದಿನಾ ನಿಂಗೆ ಊಟ ಕೊಡಿ ಅಂತ ನನ್ನ ಕೈ ಹಿಡ್ಕೊಂಡು ಹೇಳಿ ಹೋಗಿದ್ಲು. ಇವತ್ತು ಮುದ್ದೆ, ಸೊಪ್ಪಿನ ಸಾರು ಮಾಡಿ ತರೋಳಿದ್ದೆ. ನೀನೇ ಕರೆದ್ಯಲ್ಲ, ಒಲೆ ಹಚ್ಚಲಿಲ್ಲ."

ಮುರಳಿಯ ಮುಖ ಅರಳಿತು. "ಹಂಗಾದ್ರೆ ನಾಳೆ..."

"ಅಯ್ಯೋ, ವಠಾರಕ್ಕೇ ಬೇಯಿಸಿ ಹಾಕೋನಿಗೆ ನಾನು ಊಟ ಕಳಿಸಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು? ಈಗ್ಲೇ ಫೋನ್ ಮಾಡ್ತೀನಿ ಅವಳಿಗೆ. ಇಲ್ಲಿ ಚಿಂತೆಯಿಲ್ಲ, ಆರಾಮಾಗಿ ಒಂದು ತಿಂಗಳು ಇದ್ದು ಬಾರಮ್ಮ ಅಂತ!"