ಇನ್ಸುಲಿನ್ನಿಗೆ ಕೊಟ್ಟ ಇಡ್ಲಿ ಹಿಟ್ಟಿನ ಉದಾಹರಣೆ

ಮನುಷ್ಯ ಹೊಟ್ಟೆಪಾಡಿಗೆ ಏನು ಬೇಕಾದರೂ ಮಾಡಲಿ, ಅದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಾಗಿರಬೇಕು. ನಮ್ಮ ಬಳಗದಲ್ಲಿ ಉಳಿದವರೆಲ್ಲರದೂ ಹಾಗೆಯೇ ಇದೆ. ಒಬ್ಬರು ಕಬ್ಬು ಬೆಳೆಯುತ್ತಾರೆ, ಒಬ್ಬರು ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದಾರೆ, ಒಬ್ಬರು ಪವರ್‌ಲೂಮ್ ಓಡಿಸುತ್ತಾರೆ. ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ನಾನಾದರೋ ಕೊಲ್ಹಾಪುರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುತ್ತೇನೆ. ಹೆಣ್ಣು ನೋಡಲು ಗಡಹಿಂಗ್ಲಜಕ್ಕೆ ಹೋದಾಗ, ಮುಂದೆ ನನಗೆ ಮಾವನವರಾದ ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ, "ಎಕರೆಕ್ಕ ಎಷ್ಟ ಬೀಳ್ತಾವ್ರಿ?" ಎಂದರು. ಅಷ್ಟು ಸಾಕಾಯಿತು, ನಾನು ವಿವರಿಸಲು ಕುಳಿತೆ. ಉಪ್ಪಿಟ್ಟು ಆರಿತು, ಚಹಾದ ಮೇಲೆ ಕೆನೆ ಕಟ್ಟಿತು, ಹುಡುಗಿಯನ್ನು ಹೊರಗೆ ಕರೆಯಬೇಕೆಂಬುದನ್ನೇ ಎಲ್ಲರೂ ಮರೆತರು. ಆಮೇಲೂ ಮದುವೆಯಾಯಿತೆಂದರೆ ಅದು ಆ ಮನೆಯವರ ದೊಡ್ಡತನ. ನನಗಿರುವ ಚಟ ಇದೊಂದೇ. ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ, ಯಾರಾದರೂ ಏನಾದರೂ ಕೇಳಿದರೆ ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತೇನೆ.

ನಿಮಗೂ ಸ್ವಲ್ಪ ಹೇಳಿಬಿಡುತ್ತೇನೆ, ತಡೆದುಕೊಳ್ಳಿ. ಎಂದೋ ಯಾರದೋ ಚರ್ಮದಿಂದ ತೆಗೆದ ಕೋಶಗಳು ನನ್ನ ಫ್ಲಾಸ್ಕುಗಳ ತಳದಲ್ಲಿ ಅಂಟಿಕೊಂಡು ಬದುಕುತ್ತವೆ. ಅವಕ್ಕೆ ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆ ಬೇಕು, ಗುಲಾಬಿ ಬಣ್ಣದ ಆಹಾರದ ನೀರು ಬೇಕು, ಆ ನೀರಿನಲ್ಲಿ ಒಂದಿಷ್ಟು ಇನ್ಸುಲಿನ್ ಬೇಕು. ಬೇರೆ ಕಡೆ ಆಹಾರಕ್ಕೆ ಕರುವಿನ ರಕ್ತದಿಂದ ತೆಗೆದ ಸೀರಂ ಹಾಕುತ್ತಾರೆ. ನಮ್ಮ ವಿಭಾಗದಲ್ಲಿ ಅದನ್ನು ಬಿಟ್ಟಿದ್ದಾರೆ, ಹಾಗಾಗಿಯೇ ಜೈನ ಮನೆಯಲ್ಲಿ ಹುಟ್ಟಿದ ನಾನು ಅಲ್ಲಿ ಸೇರಿದೆ. ಸೀರಂ ಇಲ್ಲದ ಮೇಲೆ ಇನ್ಸುಲಿನ್ ಬೇಕೇ ಬೇಕು, ಇಲ್ಲದಿದ್ದರೆ ಕೋಶಗಳು ಎದುರಿಗಿರುವ ಸಕ್ಕರೆಯನ್ನು ಸರಿಯಾಗಿ ತಿನ್ನದೆ ಸೊರಗುತ್ತವೆ. ಆ ಇನ್ಸುಲಿನ್ ಒಂದು ಪುಟ್ಟ ಸೀಸೆಯಲ್ಲಿ ನಮ್ಮ ಫ್ರಿಜ್ಜಿನಲ್ಲಿರುತ್ತದೆ. ಅದು ಮನುಷ್ಯರ ಇನ್ಸುಲಿನ್ನೇ, ಆದರೆ ಮನುಷ್ಯರಿಗೆ ಚುಚ್ಚುವುದಕ್ಕಲ್ಲ ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಬಳಗದವರು ನಮಗೂ ಒಂದು ಸೀಸೆ ತಾ ಎಂದು ಕೇಳಿದಾಗಲೆಲ್ಲ ಆ ಬರಹವನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಭಾನುವಾರವೂ ಬಸ್ಸು ಹತ್ತಿ ಕೋಶಗಳಿಗೆ ಉಣಿಸಲು ಹೋಗುವ ನನ್ನನ್ನು ನೋಡಿ ನನ್ನ ಹೆಂಡತಿ, "ಮನ್ಯಾಗಿನ ತುಳಸಿಗೆ ಒಂದ ತಂಬಿಗಿ ನೀರ ಹಾಕಂಗಿಲ್ಲ, ಆ ಶೀಶೆದಾಗಿನವಕ್ಕ ಮಾತ್ರ ಎಷ್ಟ ಕಾಳಜಿರಿ ನಿಮಗ" ಎನ್ನುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ.

ಈ ಇನ್ಸುಲಿನ್ನು ನನ್ನ ದೊಡ್ಡವ್ವನ ಕಾಲಿಗೆ ಹೇಗೆ ಬಂತು ಎಂಬುದೇ ನಾನು ಹೇಳಬೇಕಾದ್ದು. ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಇರುವುದು ಇಚಲಕರಂಜಿಯಲ್ಲಿ, ಮಗ ಭರತೇಶಣ್ಣನ ಜೊತೆ. ಅಣ್ಣನ ಮಗ್ಗಗಳು ಪಕ್ಕದ ಯಡ್ರಾವದಲ್ಲಿವೆ. ಹೈಸ್ಕೂಲು ಮುಗಿಯುವವರೆಗೂ ನಾನು ಬೆಳೆದದ್ದು ಅವಳ ಕೈಯಲ್ಲೇ. ಅವಳ ಮನೆಯಲ್ಲಿ ನೆಲದೊಳಗೆ ಬೆಳೆಯುವ ಯಾವ ಗಡ್ಡೆಯೂ ಒಳಗೆ ಬರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಅವಳ ಬಾಯಿಗೆ ನೀರೂ ಹೋಗುವುದಿಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ನಮ್ಮವರಲ್ಲಿ ಇದ್ದದ್ದೇ. ಆದರೆ ಸೋಸಿದ ಬಟ್ಟೆಯನ್ನು ಜಾಲಾಡಿಸಿ, ಆ ನೀರನ್ನು ಬಂದಲ್ಲಿಗೇ ಹಿಂದಕ್ಕೆ ಬಿಟ್ಟು, ಅದರಲ್ಲಿದ್ದ ಕಣ್ಣಿಗೆ ಕಾಣದ ಜೀವಗಳನ್ನು ಅವುಗಳ ಮನೆಗೆ ಮುಟ್ಟಿಸುವವರು ಈಗ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನು ಶಾಲೆಗೆ ಹೊತ್ತಾಗುತ್ತದೆ ಎಂದು ಅಳುತ್ತ ನಿಂತಿದ್ದರೂ ದೊಡ್ಡವ್ವ ಮೊದಲು ಅವನ್ನು ಬಾವಿಗೆ ಇಳಿಸಿ ಬಂದು ಆಮೇಲೆ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅವಳಿಗೆ ನಾನೂ ಅವೂ ಒಂದೇ ಎಂದು ಆಗ ಸಿಟ್ಟು ಬರುತ್ತಿತ್ತು.

ಚಪ್ಪಲಿಗೆ ಹೆಸರಾದ ಜಿಲ್ಲೆಯಲ್ಲಿ ಹುಟ್ಟಿ ದೊಡ್ಡವ್ವ ಚರ್ಮವನ್ನು ಕಾಲಿಗೆ ಸೋಕಿಸಿದವಳಲ್ಲ. ಬಸದಿಗಂತೂ ಬರಿಗಾಲಿನಲ್ಲೇ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳು ಮರಗಟ್ಟಿ ವರ್ಷಗಳಾಗಿದ್ದವು. ಹೀಗೆ ಹೋಗಿ ಬರುವಾಗ ಏನೋ ಚುಚ್ಚಿದೆ, ಅವಳಿಗೆ ಗೊತ್ತೇ ಆಗಿಲ್ಲ. ಸೊಸೆ ನೆಲ ಒರೆಸುವಾಗ ರಕ್ತದ ಹೆಜ್ಜೆ ನೋಡಿ ಕೂಗಿದ ಮೇಲೆ ಡಾಕ್ಟರ ಹತ್ತಿರ ಕರೆದೊಯ್ದರು. ಮಾತ್ರೆಗಳಿಂದ ಇನ್ನು ಆಗುವುದಿಲ್ಲ, ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಕಾಲಿಗೇ ಕುತ್ತು ಎಂದು ಅವರು ಬಿಡಿಸಿ ಹೇಳಿದರು. ದೊಡ್ಡವ್ವ ಅದು ಹಂದಿಯದು ಎಂದು ಎಲ್ಲೋ ಕೇಳಿದ್ದಳು. ಹಿಂದೆ ಹಾಗಿದ್ದದ್ದೂ ನಿಜ. ಅವಳು ಒಲ್ಲೆ ಎಂದಳು, ಮನೆಯವರೆಲ್ಲ ಹೇಳಿ ಸೋತರು. ಕೊನೆಗೆ ಭರತೇಶಣ್ಣ ನನಗೆ ಫೋನು ಮಾಡಿ, ನೀನು ಅದರಲ್ಲೇ ಕೆಲಸ ಮಾಡುವವನು, ನಿನ್ನ ಮಾತು ಕೇಳುತ್ತಾಳೆ, ಬಾ ಎಂದ. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ವಿವರಿಸಲಿಕ್ಕೆಂದೇ ಕರೆದಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಹೋಗಿ ಅವಳ ಪಕ್ಕದಲ್ಲಿ ಕುಳಿತು, ಈಗಿನ ಇನ್ಸುಲಿನ್ನಿನಲ್ಲಿ ಹಂದಿ ಇಲ್ಲ, ದನ ಇಲ್ಲ, ಯಾವ ಪ್ರಾಣಿಯೂ ಇಲ್ಲ, ನಮ್ಮ ಫ್ರಿಜ್ಜಿನಲ್ಲಿರುವುದೂ ಅಂಥದ್ದೇ ಎಂದೆ. ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು. "ಖರೇನ ಹೇಳಾಕತ್ತೀಯೇನೋ ಅಜಿತಾ?" ಎಂದಳು. ನಿನ್ನಾಣೆ ಎಂದೆ. "ಹಂಗಾರ ಮಾಡಿಸ್ಕೋತೇನಿ ಬಿಡು. ನೀ ಸುಳ್ಳ ಹೇಳಂಗಿಲ್ಲ" ಎಂದಳು.

ಓದುಗರೇ, ಬುದ್ಧಿ ಇದ್ದವನು ಇಲ್ಲಿಗೆ ಎದ್ದು ಚಹಾ ಕುಡಿದು ಬಸ್ಸು ಹಿಡಿಯುತ್ತಿದ್ದ. ಅಣ್ಣ ಬಾಗಿಲಲ್ಲಿ ನಿಂತು ಕಣ್ಸನ್ನೆ ಕೂಡ ಮಾಡಿದ. ಆದರೆ ಪ್ರಾಣಿ ಇಲ್ಲದೆ ಅದು ಬರುವುದು ಎಲ್ಲಿಂದ ಎಂದು ಅವಳು ಕೇಳಲಿಲ್ಲವಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ಮನುಷ್ಯರ ದೇಹದಲ್ಲಿರುವ ಇನ್ಸುಲಿನ್ನಿನ ಸೂತ್ರವನ್ನು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯೊಳಗೆ ಇಡುತ್ತಾರೆ, ದೊಡ್ಡ ಟ್ಯಾಂಕಿಯಲ್ಲಿ ಅದನ್ನು ಬೆಳೆಸುತ್ತಾರೆ, ಅದು ನಮಗಾಗಿ ಇನ್ಸುಲಿನ್ ಮಾಡಿಕೊಡುತ್ತದೆ ಎಂದೆ. ಅವಳಿಗೆ ಅರ್ಥವಾಗಲೆಂದು ಮನೆಯ ಉದಾಹರಣೆಯನ್ನೇ ಕೊಟ್ಟೆ, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಬ್ಬುತ್ತದಲ್ಲ, ಹಾಗೇ ಇದು. ರಾತ್ರಿ ಇಟ್ಟ ಹಿಟ್ಟಿನಲ್ಲಿ ಜೀವ ಹುಟ್ಟುತ್ತದೆ ಎಂದು ದೊಡ್ಡವ್ವ ಇಡ್ಲಿ ಮುಟ್ಟುವುದಿಲ್ಲ. ಅವಳ ಮನೆಯಲ್ಲಿ ಅಷ್ಟು ವರ್ಷ ಉಂಡ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಜಗತ್ತಿನಲ್ಲಿ ಇರುವ ಉದಾಹರಣೆಗಳನ್ನೆಲ್ಲ ಬಿಟ್ಟು ಅದನ್ನೇ ಹುಡುಕಿಕೊಟ್ಟೆ.

ಅವಳು ನಿಧಾನವಾಗಿ, "ಆಮ್ಯಾಲ ಆ ಜೀವಗೋಳು ಏನ ಆಗತಾವ?" ಎಂದು ಕೇಳಿದಳು. ಕೆಲಸ ಮುಗಿದ ಮೇಲೆ ಸಾಯುತ್ತವೆ ಎಂದೆ. "ಎಷ್ಟು?" ಎಂದಳು. ಕೋಟಿ ಕೋಟಿ ಎಂದೆ. ನನ್ನ ದನಿಯಲ್ಲಿ ಹೆಮ್ಮೆಯೂ ಇತ್ತೆಂದು ಅಣ್ಣ ಆಮೇಲೆ ಹೇಳಿದ. ದೊಡ್ಡವ್ವ ಸೆರಗು ಸರಿಮಾಡಿಕೊಂಡು, "ಒಂದ ಹಂದಿ ಆಗಿದ್ರ ಒಂದ ಜೀವ ಆಗತಿತ್ತು. ಇದು ಬ್ಯಾಡೋ ಮಗನ" ಎಂದಳು.

ಮುಂದಿನದೆಲ್ಲ ನನ್ನ ತಿದ್ದುಪಡಿಗಳ ಕಥೆ. ಒಂದು ಭಾನುವಾರ ಹೋಗಿ, ನಿನ್ನ ಹೊಟ್ಟೆಯಲ್ಲೇ ಅಂಥ ಜೀವಗಳು ಕೋಟಿಗಟ್ಟಲೆ ಇವೆ, ದಿನಾ ಸಾಯುತ್ತವೆ, ಅದಕ್ಕೇನು ಮಾಡುತ್ತೀ ಎಂದೆ. ಅವಳು ಅವತ್ತಿನಿಂದ ಊಟ ಅರ್ಧ ಮಾಡಿದಳು. ಅಣ್ಣ ನನ್ನನ್ನು ಹೊರಗೆ ಕರೆದು, ಇನ್ನು ನೀನು ಬರುವುದಾದರೆ ಬಾಯಿ ಮುಚ್ಚಿಕೊಂಡು ಬಾ ಎಂದ. ಬಸದಿಯ ಪಂಡಿತರನ್ನು ಕರೆಸಿದೆವು. ಅವರು ಸಮಾಧಾನದಿಂದ, ಸಂಸಾರದಲ್ಲಿರುವವರಿಗೆ ಪೂರ್ತಿ ಅಹಿಂಸೆ ಆಗುವುದಿಲ್ಲ, ರೋಗಕ್ಕೆ ಔಷಧ ತೆಗೆದುಕೊಂಡರೆ ದೋಷವಿಲ್ಲ ಎಂದರು. ದೊಡ್ಡವ್ವ ಅವರಿಗೆ ಕೈಮುಗಿದು, ಹೌದ್ರಿ ಎಂದಳು, ಸೂಜಿ ಮಾತ್ರ ಮಾಡಿಸಿಕೊಳ್ಳಲಿಲ್ಲ. ಇಷ್ಟೆಲ್ಲ ನಡೆಯುವಾಗ ನಾನು ಕೊಲ್ಹಾಪುರಕ್ಕೆ ಬಂದು ನನ್ನ ಫ್ಲಾಸ್ಕುಗಳಿಗೆ ಹೊತ್ತುಹೊತ್ತಿಗೆ ಇನ್ಸುಲಿನ್ ಹಾಕುತ್ತಿದ್ದೆ. ಅವು ತಳದ ತುಂಬ ಹರಡಿ ಸೊಂಪಾಗಿ ಬೆಳೆದಿದ್ದವು. ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಗಾಯ ಕಪ್ಪಾಯಿತು. ಜ್ವರ ಬಂದು ದೊಡ್ಡವ್ವನಿಗೆ ಎಚ್ಚರ ತಪ್ಪಿದ ಮೇಲೆ ಕೊಲ್ಹಾಪುರದ ಆಸ್ಪತ್ರೆಗೆ ತಂದರು. ಅಣ್ಣ ಒಪ್ಪಿಗೆ ಕೊಟ್ಟ. ಅವಳ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಸಲಾಯಿನ್ ಜೊತೆ ಇನ್ಸುಲಿನ್ನೂ ಹನಿಹನಿಯಾಗಿ ಇಳಿಯಿತು, ಅದನ್ನು ಅವಳಿಗೆ ಹೇಳುವ ಸ್ಥಿತಿಯೂ ಇರಲಿಲ್ಲ, ಕೇಳುವ ಸ್ಥಿತಿಯೂ ಇರಲಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಪಕ್ಕದಲ್ಲಿದ್ದ ಯಾರೋ ಮುದುಕರು ಮರಾಠಿಯಲ್ಲಿ, "ಕಾಯ್ ಝಾಲಂ, ಬಾಳಾ?" ಎಂದು ಏನಾಯಿತೆಂದು ವಿಚಾರಿಸಿದರು. ಅವತ್ತು ನನಗೆ ಒಂದು ಮಾತೂ ಬಾಯಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣ ಅಳುಕುತ್ತಲೇ ಇನ್ಸುಲಿನ್ ಕೊಟ್ಟ ವಿಷಯ ಹೇಳಿದನಂತೆ. ಮರುದಿನ ಬೆಳಗ್ಗೆ ದೊಡ್ಡವ್ವ ಪೂಜೆ ಮುಗಿಸಿ ಸೊಸೆಯನ್ನು ಕರೆದು, ಸೂಜಿ ತಾ ಎಂದಳು. ನಾನು ಹೋದಾಗ ನನ್ನ ಕಣ್ಣಲ್ಲಿ ಪ್ರಶ್ನೆ ಕಂಡಿರಬೇಕು, ಅವಳೇ ಹೇಳಿದಳು: "ಸೊಸಿ ದಿನಾ ನನ್ನ ಎತ್ತಿ ಕೂಡಸ್ತಾಳ, ಎತ್ತಿ ಮಲಗಸ್ತಾಳ. ಅಕಿ ನಡಾ ಹಿಡದೈತಿ. ಇನ್ನೊಂದ ಕಾಲೂ ಹೋತಂದ್ರ ಅಕಿ ಗತಿ ಏನು? ಅದೂ ಹಿಂಸಾನ ಅಲ್ಲೇನೋ?" ಇಷ್ಟು ಸರಳವಾದ ಮಾತು ನನ್ನ ಅಷ್ಟೊಂದು ಓದಿನಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ ಕಾಲು ಉಳಿಯುತ್ತಿತ್ತು.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಅವತ್ತು ನಮ್ಮವರು ಒಬ್ಬರಿಗೊಬ್ಬರು ಕೈಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ನಾನು ಇಚಲಕರಂಜಿಗೆ ಹೋಗಿ, ಮಂಚದ ಅಂಚಿಗೆ ಕುಳಿತಿದ್ದ ದೊಡ್ಡವ್ವನ ಮುಂದೆ ಬಗ್ಗಿದೆ. ಸಣ್ಣಂದಿನ ರೂಢಿ, ಎರಡೂ ಕೈ ಮುಂದೆ ಹೋದವು. ಒಂದು ಕೈಗೆ ಪಾದ ಸಿಕ್ಕಿತು. ಇನ್ನೊಂದು ಕೈ ನೆಲಕ್ಕೆ ಹತ್ತಿತು. ಅದನ್ನು ಹಿಂದಕ್ಕೆ ತೆಗೆಯಲೂ ಆಗದೆ ಅಲ್ಲೇ ಇಡಲೂ ಆಗದೆ ನಾನು ಬಗ್ಗಿಯೇ ಇದ್ದೆ. ದೊಡ್ಡವ್ವ ನನ್ನ ತಲೆಯ ಮೇಲೆ ಕೈಯಿಟ್ಟು, ತಾನೇ ಮೊದಲು ಕ್ಷಮೆ ಕೇಳಿದಳು, ನನ್ನ ಮಾತು ಕೇಳದೆ ನನ್ನನ್ನು ಭಾಳ ಓಡಾಡಿಸಿದಳಂತೆ. ಆಮೇಲೆ, "ಔಷಧ ಮಾಡೋ ಆ ಜೀವಗೋಳ ಕಡೆ ನಾ ಹೋಗಾಕ ಆಗಂಗಿಲ್ಲ. ನಿನ್ನ ಕಾಲೇಜಿನ್ಯಾಗ ಅಂಥಾವ ಅದಾವಲ್ಲ, ಅವಕ್ಕ ನನ್ನ ಕ್ಷಮಾ ಮುಟ್ಟಸು" ಎಂದಳು.

ನನ್ನ ಬಳಿ ಇರುವುದು ಯೀಸ್ಟ್ ಅಲ್ಲ, ಅದು ಮಾಡಿದ ಇನ್ಸುಲಿನ್ ಉಂಡು ಬದುಕುವ ಬೇರೆ ಕೋಶಗಳು ಎಂದು ತಿದ್ದಲು ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಹೇಗೋ ಮುಚ್ಚಿದೆ. ಮುಟ್ಟಿಸುತ್ತೇನೆ ಎಂದೆ.

ಮರುದಿನ ಪ್ರಯೋಗಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದೆ. ಫ್ಲಾಸ್ಕುಗಳು ಸಾಲಾಗಿ ಮಲಗಿದ್ದವು. ಕೈಗವಸು ಹಾಕಿದ ಕೈಗಳನ್ನು ಜೋಡಿಸಿ, ಇಚಲಕರಂಜಿಯ ನಮ್ಮ ದೊಡ್ಡವ್ವ ನಿಮ್ಮ ಕ್ಷಮೆ ಕೇಳಿದ್ದಾಳೆ ಎಂದೆ. ಯಾವ ದೊಡ್ಡವ್ವ, ಯಾತಕ್ಕೆ ಎಂದು ಅವು ಕೇಳಲಿಲ್ಲ, ಅದೊಂದು ಉಪಕಾರ. ನನ್ನದನ್ನೂ ಸೇರಿಸಿ ಹೇಳಿದೆ. ಆಮೇಲೆ ಅವತ್ತು ಮಾಡಲೇಬೇಕಿದ್ದ ಕೆಲಸ ನೆನಪಾಯಿತು. ಕೋಶಗಳು ತುಂಬಿ ಹೋಗಿದ್ದ ಹಳೆಯ ಫ್ಲಾಸ್ಕುಗಳನ್ನು ಹೊರತೆಗೆದು, ನಿಯಮದ ಪ್ರಕಾರ ಒಂದೊಂದಕ್ಕೂ ಬ್ಲೀಚು ಸುರಿದು ಮುಚ್ಚಳ ಹಾಕಿದೆ. ಒಳಗಿನ ಆಹಾರದ ನೀರು ಗುಲಾಬಿ ಬಣ್ಣ ಕಳೆದುಕೊಂಡಿತು. ಎಷ್ಟು ಎಂದು ದೊಡ್ಡವ್ವ ಕೇಳಿದ್ದರೆ ನಾನು ಲೆಕ್ಕ ಮಾಡಿ ಹೇಳಬಲ್ಲವನಾಗಿದ್ದೆ.