ಮೂರು ಸೀಟಿ ಹೊಡೆದ ಬೋರಮಾಳ

ಮಾಲು ಐವತ್ತು ವರ್ಷ ಹಳೆಯದು. ಆದರೆ ಹುಳ ಹಿಡಿದಿಲ್ಲ, ಮುಗ್ಗಲು ವಾಸನೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ನೋಡುವುದಕ್ಕೆ ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಬಾಯಿ ತೆರೆದರೆ ಗುಂಟೂರು. ದುಂಡಪ್ಪ ಜೀವಮಾನದಲ್ಲಿ ಚೌಕಾಸಿ ಮಾಡದೆ ತಂದದ್ದು ಅದೊಂದನ್ನೇ. ಇಪ್ಪತ್ತೈದು ವರ್ಷದಲ್ಲಿ ಆ ಮಾಲಿನಿಂದ ಅವನಿಗೆ ಒಮ್ಮೆಯೂ ನಷ್ಟವಾಗಿಲ್ಲ. ಇದೇ ಮಾತನ್ನು ಮಾಲು ಅವನ ಬಗ್ಗೆ ಹೇಳೀತೇ ಎಂದು ಕೇಳಿ ನೋಡುವ ಧೈರ್ಯ ಮಾತ್ರ ಅವನಿಗಿಲ್ಲ.

ಜರ್ಮನಿಯ ಬವೇರಿಯ ರಾಜ್ಯದ ನ್ಯೂರೆಂಬರ್ಗಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕಿರಾಣಿ ಅಂಗಡಿ ಇಟ್ಟಿರುವ ರಾಣೆಬೆನ್ನೂರಿನ ದುಂಡಪ್ಪ ತನ್ನ ಹೆಂಡತಿ ಗುರವ್ವನನ್ನು ಹೀಗೆ ತೂಗಿ ಇಟ್ಟಿದ್ದ. ಗಿರಾಕಿ ಬಾಗಿಲು ತಳ್ಳುವ ರೀತಿಯಲ್ಲೇ ಇವನು ಹತ್ತು ಕೇಜಿ ಅಕ್ಕಿಗೆ ಬಂದವನೋ, ಒಂದು ಕಟ್ಟು ಕೊತ್ತಂಬರಿಗೆ ಬಂದವನೋ ಎಂದು ಹೇಳಬಲ್ಲ ಮನುಷ್ಯ ಅವನು. ತನ್ನನ್ನು ತಾನು ತೂಗಿಕೊಳ್ಳುವ ತಕ್ಕಡಿ ಮಾತ್ರ ಅವನ ಅಂಗಡಿಯಲ್ಲಿರಲಿಲ್ಲ.

ಪಾಸ್‌ಪೋರ್ಟಿನ ಪ್ರಕಾರ ಗುರವ್ವ ಹುಟ್ಟಿದ್ದು ಜೂನ್ ಒಂದರಂದು. ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಇಡೀ ತರಗತಿಗೆ ಸಗಟಿನಲ್ಲಿ ಹಂಚಿದ ತಾರೀಖು. ಅವಳ ಅವ್ವನ ಪ್ರಕಾರ ಡಿಸೆಂಬರ್ ಇಪ್ಪತ್ತೇಳು. ಅವ್ವನ ಲೆಕ್ಕದ ಐವತ್ತು ಹತ್ತಿರ ಬಂದಾಗ, ಒಂದು ಸಂಜೆ ದುಂಡಪ್ಪ ಊಟದ ಮೇಜಿನ ಮುಂದೆ ಎದ್ದು ನಿಂತು ರಾಜಾಜ್ಞೆ ಹೊರಡಿಸಿದ.

"ನಿನ್ನ ಐವತ್ತನೇ ಹುಟ್ಟಿದ ಹಬ್ಬಕ್ಕ ಮೂರು ದಿನ ಅಂಗಡಿ ಬಂದ್. ಬವೇರಿಯದ ಕಾಡಿನಾಗ ಮನಿ ಹಿಡದೇನಿ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ಇಂಥಾ ತ್ಯಾಗ ಯಾವ ವ್ಯಾಪಾರಿ ಮಾಡ್ಯಾನ, ಹೇಳು."

ಗುರವ್ವ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಶುಕ್ರವಾರ ಕ್ರಿಸ್‌ಮಸ್, ಶನಿವಾರ ಅಲ್ಲಿನವರ ಎರಡನೆಯ ಕ್ರಿಸ್‌ಮಸ್ ರಜೆ, ಮರುದಿನ ಭಾನುವಾರ. ಮೂರೂ ದಿನ ಬವೇರಿಯದಲ್ಲಿ ಯಾವ ಕಿರಾಣಿ ಅಂಗಡಿಯೂ ಬಾಗಿಲು ತೆರೆಯುವಂತಿರಲಿಲ್ಲ.

"ಸರಕಾರ ಹಾಕಿಸಿದ ಬೀಗಕ್ಕ ನೀವು ತ್ಯಾಗ ಅಂತ ಹೆಸರು ಇಟ್ರಿ" ಎಂದಳು. "ನನಗ ಅಂಗಡಿ ಬಂದ್ ಆಗೂದು ಬ್ಯಾಡ. ನೀವು ಬಂದ್ ಆಗ್ರಿ. ರೇಟಿನ ಮಾತಿಲ್ಲ, ಸ್ಟಾಕಿನ ಮಾತಿಲ್ಲ, ಗಿರಾಕಿ ಫೋನಿಲ್ಲ. ಹತ್ತೊಂಬತ್ತು ವರ್ಷದಾಗ ನಾ ಏನೂ ಕೇಳಿಲ್ಲ. ಮೂರು ದಿನ ಬರೇ ನನ್ನ ಗಂಡ ಆಗಿರ್ರಿ. ಆಗ್ತದೇನು?"

"ಏ, ಅದೇನು ದೊಡ್ಡ ಮಾತು."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಹೊಸ ವರ್ಷದಿಂದ ಗಲ್ಲಾದ ಕುರ್ಚಿ ನಿಂದು."

ಏನನ್ನು ಒತ್ತೆಯಿಟ್ಟೆನೆಂಬುದು ಹೇಳಿದ ಮೇಲೆ ಅವನಿಗೆ ಹೊಳೆಯಿತು. ಜ್ವರ ಬಂದಾಗಲೂ ಅವನು ಆ ಕುರ್ಚಿ ಬಿಟ್ಟಿರಲಿಲ್ಲ. ಗುರವ್ವನಿಗೆ ಮೀಸಲಾಗಿದ್ದದ್ದು ಹಿಂದಿನ ಕೋಣೆ, ಅಲ್ಲಿನ ಕೊತ್ತಂಬರಿ ಕಟ್ಟುಗಳು. ಮಾತು ತಿರುಗಿಸೋಣವೆಂದರೆ ಮಗಳು ಇಳಾ ಆಗಲೇ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಹದಿನೇಳು ವರ್ಷ, ಇಲ್ಲೇ ಹುಟ್ಟಿದವಳು. ದಾಖಲೆಯಿಲ್ಲದ ಮಾತನ್ನು ನಂಬದ ದೇಶದ ಪ್ರಜೆ.

ದುಂಡಪ್ಪನಿಗೆ ಇನ್ನೊಂದು ಗುಟ್ಟಿತ್ತು. ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕಸಾಲಿಗ ಪತ್ತಾರನ ಹತ್ತಿರ ಒಂದು ಬೋರಮಾಳ ಮಾಡಿಸಿ ತಂದಿದ್ದ. ಬೋರೆಹಣ್ಣಿನ ಆಕಾರದ ಗುಂಡುಗಳು, ಹೊರಗೆ ತೆಳುವಾದ ಚಿನ್ನ, ಒಳಗೆ ಅರಗು, ಎಲ್ಲವನ್ನೂ ಪೋಣಿಸಿದ ಕೆಂಪು ದಾರ. ಮದುವೆಯಲ್ಲಿ ಹಾಕುತ್ತೇನೆಂದು ಹೇಳಿ ಹಾಕದೇ ಉಳಿದಿದ್ದ ಸರ ಅದು. ಗುರವ್ವ ಒಮ್ಮೆಯೂ ನೆನಪಿಸಿರಲಿಲ್ಲ. ಹಾಗೆ ನೆನಪಿಸದೇ ಇರುವುದೇ ಅವಳ ನೆನಪಿಸುವ ಕ್ರಮ.

ಅದನ್ನು ಬಚ್ಚಿಟ್ಟು ಒಯ್ಯುವುದು ಹೇಗೆ? ಪ್ರಯಾಣಕ್ಕೆ ಮುಂಚೆ ಪ್ರತಿ ಚೀಲವನ್ನೂ ಮೂರು ಸಲ ಬಿಚ್ಚಿ ಕಟ್ಟುವ ಹೆಂಗಸು ಅವಳು. ದುಂಡಪ್ಪನ ವ್ಯಾಪಾರಿ ಬುದ್ಧಿ ಮಿಂಚಿತು. ಒಂದು ಕೇಜಿ ತೊಗರಿಬೇಳೆಯ ಪೊಟ್ಟಣ ಬಿಚ್ಚಿ, ನಡುವೆ ಸರ ಹುಗಿದು, ಅಂಗಡಿಯ ಯಂತ್ರದಲ್ಲಿ ಬಾಯಿ ಅಂಟಿಸಿ ಮತ್ತೆ ಮುಚ್ಚಿದ. ಪೊಟ್ಟಣವನ್ನೂ ಅಳೆದು ಸುರಿದು ಆರಿಸಿದ್ದ. ಅದರ ಮೇಲಿನ ದಿನಾಂಕ ಡಿಸೆಂಬರ್ ಮೂವತ್ತೊಂದು. ಇಂಥ ಮುಗಿಯಲು ಬಂದ ಮಾಲನ್ನು ಗುರವ್ವ ಮೂಸುವುದಿಲ್ಲ, ಗಿರಾಕಿ ಮುಟ್ಟುವುದಿಲ್ಲ. ಬ್ಯಾಂಕಿನ ಲಾಕರಿಗೂ ಇಂಥ ಭದ್ರತೆಯಿಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಒಂಟಿ ಪೊಟ್ಟಣ ಕಂಡರೆ ಅನುಮಾನ ಬರುತ್ತದೆ. ಆದ್ದರಿಂದ ಜೊತೆಗೆ ಇನ್ನಷ್ಟು ಬೇಳೆ, ರವೆ, ಅವಲಕ್ಕಿ, ಸಾರಿನ ಪುಡಿ ಸೇರಿಸಿ ಎರಡು ಕ್ರೇಟು ತುಂಬಿ ಕಾರಿನ ಡಿಕ್ಕಿಗೆ ಹಾಕಿದ.

"ಇದೇನ್ರಿ?" ಎಂದಳು ಗುರವ್ವ.

"ಹಿಮದಾಗ ಗಾಡಿ ಜಾರಬಾರದು ನೋಡು. ಹಿಂದ ಸ್ವಲ್ಪ ವಜ್ಜೆ ಇರಬೇಕು."

"ಹಂಗಾದ್ರ ನಾನು ಡಿಕ್ಕಿನಾಗ ಕುಂಡರ್ತೀನಿ. ಬ್ಯಾಳಿ ಮುಂದ ಕುಂಡರಲಿ. ನಿಮಗ ಮಾತಿಗೂ ಆಗ್ತದ."

ಹಿಂದಿನ ಸೀಟಿನಿಂದ ಇಳಾ, "ಪೈನ್‌ಲಿಷ್" ಎಂದಳು. ಜರ್ಮನ್ನಿನಲ್ಲಿ ಅದರ ಅರ್ಥ ಮರ್ಯಾದೆಗೇಡು ಎಂದು. ಆ ಮನೆಯಲ್ಲಿ ಅದು ಅಪ್ಪನ ಅಡ್ಡಹೆಸರಾಗಿ ಬಹಳ ದಿನವಾಗಿತ್ತು.

ಶುಕ್ರವಾರ ಹೇಗೋ ದಾಟಿತು. ಹಿಮ ನೋಡಿದರು, ಬಿಸಿ ಸೂಪು ಕುಡಿದರು. ಮನೆಯೊಡತಿ ಪ್ರೀತಿಯಿಂದ ಇಟ್ಟುಹೋಗಿದ್ದ ಜೇನಿನ ಬಾಟಲಿಯನ್ನು ದುಂಡಪ್ಪ ಎತ್ತಿ, ತಿರುಗಿಸಿ, ತಳದಲ್ಲಿ ಬೆಲೆಯ ಚೀಟಿ ಹುಡುಕಿದ. ಗುರವ್ವ "ಹ್ಞಾಂ" ಎಂದಳು. ಬಾಟಲಿ ತಕ್ಷಣ ಸ್ವಸ್ಥಾನಕ್ಕೆ ಹೋಯಿತು.

ಶನಿವಾರ ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯಲು ಹೊರಗೆ ಬಂದಾಗ ಪಕ್ಕದ ಮನೆಯ ಅಂಗಳದಿಂದ ಕನ್ನಡ ಕೇಳಿಸಿತು.

"ಮಗಾ, ಮ್ಯಾಪಲ್ಲಿ ಎಲ್ಲಾ ಕ್ಲೋಸ್ಡ್ ತೋರಿಸ್ತಿದೆ."

"ನಾಳೆ?"

"ನಾಳೆ ಸಂಡೇ, ಗುರು."

"ಅಂದ್ರೆ ಆರು ಜನಕ್ಕೆ ಸೋಮವಾರದವರೆಗೂ ಒಂದು ಬ್ರೆಡ್ಡು, ಒಂದು ಬಾಟ್ಲಿ ಜಾಮಾ? ಅಕ್ಕಿ ಇದೆ, ಕುಕ್ಕರ್ ಇದೆ, ಬೇಳೆ ಇಲ್ಲ. ಯಾರೋ ತರ್ತೀನಿ ಅಂದಿದ್ರಪ್ಪಾ."

"ಯಾರೋ ಏನು, ನೀನೇ ಅಂದಿದ್ದು."

ಹಿಂದೆ ಋಷಿಗಳ ತಪಸ್ಸು ಕೆಡಿಸಲು ಅಪ್ಸರೆಯರು ಇಳಿದು ಬರುತ್ತಿದ್ದರಂತೆ. ದುಂಡಪ್ಪನ ತಪಸ್ಸಿಗೆ ಬಂದವರು ಗಡ್ಡ ಬಿಟ್ಟ, ಹವಾಯಿ ಚಪ್ಪಲಿಗೆ ಕಾಲುಚೀಲ ಹಾಕಿದ ಇಬ್ಬರು ಸಾಫ್ಟ್‌ವೇರ್ ಹುಡುಗರು, ಸ್ವರೂಪ್ ಮತ್ತು ಪೃಥ್ವಿ. ಇಬ್ಬರೂ ಅವನ ಅಂಗಡಿಯ ಗಿರಾಕಿಗಳೇ. ಹೋದ ವರ್ಷ ಸ್ವರೂಪ್ ಹುಳ ಬಿದ್ದ ರವೆ ವಾಪಸು ತಂದಾಗ ದುಂಡಪ್ಪ ಮಾತಾಡದೆ ತಲೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿದ್ದ. ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿ ಮೂರು ಭಾಷೆಯಲ್ಲಿ ಬರೆದಿತ್ತು.

ದುಂಡಪ್ಪ ಕಾರಿನ ಮರೆಯಲ್ಲಿ ಒಮ್ಮೆ ಕೆಮ್ಮಿದ. ಕೆಮ್ಮುವುದು ವ್ಯಾಪಾರವಲ್ಲ.

"ಅಂಕಲ್? ನೀವೇನು ಇಲ್ಲಿ?"

ಡಿಕ್ಕಿ ತೆರೆದ. ಡಿಕ್ಕಿ ತೆರೆಯುವುದೂ ವ್ಯಾಪಾರವಲ್ಲ, ಗಾಳಿಯಾಡಲಿ ಎಂದು ಯಾರು ಬೇಕಾದರೂ ತೆರೆಯಬಹುದು. ಹುಡುಗರು ಕ್ರೇಟುಗಳನ್ನು ನೋಡಿ ಗರ್ಭಗುಡಿಯ ಮುಂದೆ ನಿಂತವರಂತೆ ಕೈ ಮುಗಿದರು.

"ಎಷ್ಟು ಬೇಕು?" ಎಂದ ದುಂಡಪ್ಪ. ಇದು ವ್ಯಾಪಾರ.

ಒಂದು ದಿನವಿಡೀ ಖಾಲಿ ಕೂತಿದ್ದ ಅವನ ಕೈಗಳಿಗೆ ಜೀವ ಬಂತು. ಅವನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಶಾಸ್ತ್ರ. ಹಳೆಯ ಮಾಲು ಮುಂದೆ, ಹೊಸದು ಹಿಂದೆ. ದಿನಾಂಕ ಮೊದಲು ಮುಗಿಯುವುದು ಮೊದಲು ಹೋಗಬೇಕು. ಈ ಶಾಸ್ತ್ರ ಅವನ ತಲೆಯಲ್ಲಿರಲಿಲ್ಲ, ಬೆರಳಲ್ಲಿತ್ತು. ಕಣ್ಣು ಗುರವ್ವನ ಕಿಟಕಿಯ ಮೇಲಿದ್ದಾಗ ಬೆರಳು ತಾನಾಗಿಯೇ ಕ್ರೇಟಿನೊಳಗೆ ಇಳಿದು, ಹತ್ತು ಪೊಟ್ಟಣ ತಡವಿ, ಎಲ್ಲಕ್ಕಿಂತ ಹಳೆಯದನ್ನು ಆರಿಸಿ ತಂದಿತು.

"ಅಂಕಲ್, ಇವತ್ತಿಗೆ ಬ್ರೆಡ್ ಸಾಕು, ಸಾರು ನಾಳೆಗೆ. ಆದ್ರೆ ಇದರ ಡೇಟ್ ಮೂವತ್ತೊಂದಕ್ಕೆ ಮುಗಿಯುತ್ತೆ" ಎಂದ ಪೃಥ್ವಿ. ದುಂಡಪ್ಪನ ಕಣ್ಣು ಇನ್ನೂ ಕಿಟಕಿಯ ಮೇಲೆಯೇ ಇತ್ತು, ಉತ್ತರವನ್ನೂ ಬಾಯಿ ತಾನಾಗಿಯೇ ಕೊಟ್ಟಿತು.

"ನೀವು ತಿನ್ನೂದು ನಾಳೆ ಅಲ್ಲೇನು? ಹತ್ತು ಪರ್ಸೆಂಟ್ ಬಿಟ್ಟೇನಿ, ಒಯ್ಯಿರಿ. ಅಂದಂಗ, ಆಂಟಿಗೆ ಹೇಳಬ್ಯಾಡ್ರಿ."

ಒಳಗೆ ಬಂದಾಗ ಗುರವ್ವ ಅವನ ಮುಖವನ್ನೇ ನೋಡಿದಳು. "ಮಾರಿ ನೋಡಿದ್ರ ಬೋಣಿ ಆದಂಗ ಕಾಣ್ತದಲ್ರಿ."

"ಥಂಡಿಗೆ ಹಂಗ ಕೆಂಪಗಾಗ್ತದ" ಎಂದ ದುಂಡಪ್ಪ.

ಭಾನುವಾರ ಬಂತು. ಗುರವ್ವ ಇಳಕಲ್ ಸೀರೆ ಉಟ್ಟು, ಮೇಲೆ ಉಣ್ಣೆಯ ಕೋಟು ಹಾಕಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ದುಂಡಪ್ಪ, "ಕಣ್ಣು ಮುಚ್ಚಿಕೊಂಡು ಕುಂಡ್ರು, ಬಂದೆ" ಎಂದು ಹೇಳಿ ಕಾರಿಗೆ ಹೋದ. ಒಂದು ಕ್ರೇಟು ನೋಡಿದ. ಇನ್ನೊಂದು ನೋಡಿದ. ಪೊಟ್ಟಣಗಳನ್ನೆಲ್ಲ ಹಿಮದ ಮೇಲೆ ಸಾಲಾಗಿ ಇಟ್ಟು ದಿನಾಂಕ ಓದಿದ. ಎಲ್ಲ ಮುಂದಿನ ವರ್ಷದವು. ಹಾಲಿನಂಥ ಹೊಸ ಮಾಲು. ಅಷ್ಟು ಹೊಸ ಮಾಲು ನೋಡಿ ಯಾವ ವ್ಯಾಪಾರಿಯೂ ಅಷ್ಟು ಬೆವತಿರಲಾರ, ಅದೂ ಮೈನಸ್ ಆರು ಡಿಗ್ರಿಯಲ್ಲಿ.

ಅಷ್ಟರಲ್ಲಿ ಪಕ್ಕದ ಮನೆಯೊಳಗಿಂದ ಕುಕ್ಕರಿನ ಸೀಟಿ ಕೇಳಿಸಿತು.

ದುಂಡಪ್ಪ ಬರಿಗಾಲಿಗೆ ಹಾಕಿದ್ದ ಮನೆಚಪ್ಪಲಿಯಲ್ಲೇ ಓಡಿದ. ಅಡುಗೆಮನೆಯ ಬಾಗಿಲಲ್ಲಿ ಎರಡನೇ ಸೀಟಿ ಅವನನ್ನು ಸ್ವಾಗತಿಸಿತು.

"ಬ್ಯಾಳಿ ತೊಳದ್ರೇನು?" ಎಂದು ಏದುಸಿರಿನಲ್ಲಿ ಕೇಳಿದ.

ಸ್ವರೂಪ್ ಪೃಥ್ವಿಯ ಮುಖ ನೋಡಿದ. "ಬೇಳೇನ ತೊಳೀಬೇಕಾ ಅಂಕಲ್?"

"ಸುರುವುವಾಗ ಏನೂ ಕಾಣಲಿಲ್ಲೇನು?"

"ಫೋನಲ್ಲಿದ್ದೆ, ಹಂಗೇ ಸುರಿದೆ. ಏನೋ ಕೆಂಪು ದಾರ ಕಾಣ್ತು. ಪ್ಯಾಕಿಂಗ್ ದಾರ ಅನ್ಕೊಂಡೆ."

ಮೂರನೇ ಸೀಟಿ ಹೊಡೆಯಿತು. ದುಂಡಪ್ಪ ಕುಕ್ಕರಿನ ಮೇಲೆ ಬಿದ್ದು ಮುಚ್ಚಳ ತಿರುಗಿಸಲು ಹೋದ. "ಅಂಕಲ್, ಪ್ರೆಶರ್ ಇಳೀಲಿ, ಸಿಡಿಯುತ್ತೆ" ಎಂದು ಇಬ್ಬರೂ ಅವನ ತೋಳು ಹಿಡಿದು ಎಳೆದರು. ಇಪ್ಪತ್ತೈದು ವರ್ಷ ಕಾಯಿಸಿದ ಮನುಷ್ಯನಿಗೆ ಐದು ನಿಮಿಷ ಕಾಯಲಾಗಲಿಲ್ಲ. ಈ ಎಳೆದಾಟ ನಡೆದಿರುವಾಗಲೇ ಬಾಗಿಲಲ್ಲಿ ಗುರವ್ವ ಕಾಣಿಸಿಕೊಂಡಳು. ಹಿಂದೆ ಫೋನ್ ಹಿಡಿದ ಇಳಾ.

"ಕಣ್ಣು ಮುಚ್ಚಿ ಸಾಕಾಗಿ ಬಂದೆ" ಎಂದಳು ಗುರವ್ವ. "ಹಾದಿಯಾಗ ಹಿಮದ ಮ್ಯಾಲ ಅಂಗಡಿ ತೆರದದ್ದು ಕಂಡಿತು. ಏನು ನಡದೈತಿ ಇಲ್ಲೆ?"

ಹುಡುಗರು ದುಂಡಪ್ಪನ ತೋಳು ಬಿಟ್ಟರು. ಗುರವ್ವ ಕುಕ್ಕರಿನ ಕಡೆ ನೋಡಿದಳು, ಕಟ್ಟೆಯ ಮೇಲಿದ್ದ ಖಾಲಿ ಪೊಟ್ಟಣ ಎತ್ತಿ ಅದರ ಮೇಲೆ ಗಂಡನ ಅಂಗಡಿಯ ಚೀಟಿ ಓದಿದಳು, ಪ್ರೆಶರ್ ಇಳಿದ ಮೇಲೆ ತಾನೇ ಮುಚ್ಚಳ ತೆಗೆದಳು. ಬೇಳೆ ಕೆಂಪಾಗಿತ್ತು. ಸೌಟು ಹಾಕಿ ಎತ್ತಿದಾಗ ಬೋರಮಾಳ ಆವಿಯ ನಡುವಿಂದ ಮೇಲೆದ್ದು ಬಂತು. ಅರಗು ಮೆತ್ತಗಾಗಿ ಅರ್ಧ ಗುಂಡುಗಳು ಚಪ್ಪಟೆಯಾಗಿದ್ದವು. ಉಳಿದವುಗಳ ಮೇಲೆ ಬೇಳೆ ಚೆನ್ನಾಗಿ ಬೆಂದು ಕೂತಿತ್ತು.

ಗುರವ್ವ ಸೌಟನ್ನು ಹಾಗೇ ಹಿಡಿದು, ಊದಿ ಆರಿಸಿ, ಒಂದು ಗುಂಡಿನ ಮೇಲಿನ ಬೇಳೆ ತೆಗೆದಳು. ಒಮ್ಮೆ ಕಣ್ಣು ಒರೆಸಿಕೊಂಡಳು. ಆವಿಗೋ ಏನೋ, ದುಂಡಪ್ಪ ಕೇಳಲಿಲ್ಲ.

"ನೆನಪಿತ್ತೇನ್ರಿ ನಿಮಗ?" ಎಂದಳು ಮೆಲ್ಲಗೆ.

"ಇತ್ತು."

"ಮತ್ತ ಮಾರಿದ್ರಿ."

"ಗೊತ್ತಾಗಲಿಲ್ಲ. ಕೈ ತಾನ ಹೋತು."

"ಎಷ್ಟಕ್ಕ?"

ದುಂಡಪ್ಪ ಪೃಥ್ವಿಗೆ ಹೇಳಬೇಡವೆಂದು ಕಣ್ಸನ್ನೆ ಮಾಡಿದ. ಪೃಥ್ವಿ ಸಹಾಯಕ್ಕೆ ಬಂದ. "ಮೂರು ಯೂರೋ ಆಂಟಿ. ಅಂದ್ರೆ ಟೆನ್ ಪರ್ಸೆಂಟ್ ಬಿಟ್ಟು ಎರಡು ಎಪ್ಪತ್ತು."

"ಹತ್ತೊಂಬತ್ತು ವರ್ಷದಾಗ ಒಬ್ಬರಿಗೂ ಒಂದು ಸೆಂಟ್ ಬಿಟ್ಟವರಲ್ಲ" ಎಂದಳು ಗುರವ್ವ. "ಬಿಟ್ಟದ್ದು ಬಂಗಾರದ ಮ್ಯಾಲ."

ದುಂಡಪ್ಪ ಸೌಟಿನ ಕಡೆ ಕೈ ಚಾಚಿದ. ಸ್ವರೂಪ್ ವಿನಯದಿಂದ ಅಡ್ಡ ಬಂದ. "ಅಂಕಲ್, ತಪ್ಪು ತಿಳ್ಕೋಬೇಡಿ. ನಿಮ್ಮ ಅಂಗಡೀಲಿ ಒಂದು ಬೋರ್ಡ್ ಇದೆಯಲ್ಲ, ನಾನು ರವೆ ತಂದಾಗ ತೋರಿಸಿದ್ರಲ್ಲ. ಮಾರಿದ ಮಾಲು..."

ದುಂಡಪ್ಪ ಚಾಚಿದ ಕೈ ಹಿಂದೆಳೆದುಕೊಂಡ, ಆ ಬೋರ್ಡನ್ನು ಮೂರು ಭಾಷೆಯಲ್ಲಿ ಬರೆಸಿದವನು ಅವನೇ. ಅವನ ಬೇಳೆ ಅವನ ಕಣ್ಣೆದುರೇ ಬೆಂದಿತ್ತು, ಬೇರೆಯವರ ಕುಕ್ಕರಿನಲ್ಲಿ.

ಗುರವ್ವ ಕೋಟಿನ ಗುಂಡಿ ಹಾಕಿಕೊಂಡಳು. ಹುಡುಗರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆ ನೋಟ ದುಂಡಪ್ಪನಿಗೆ ಗುರುತು ಹತ್ತಿತು. ಅವನು ಗಿರಾಕಿಗಳನ್ನು ನೋಡುವುದು ಹಾಗೆಯೇ. ಹಿಂದಿನ ಕೋಣೆಯಿಂದ ಅವಳು ಬರೀ ಕೊತ್ತಂಬರಿ ನೋಡುತ್ತಿರಲಿಲ್ಲವೆಂದಾಯಿತು.

"ಎಷ್ಟು ಮಂದಿ ಅದೀರಿ?"

"ಆರು ಜನ ಆಂಟಿ. ನಾಲ್ವರು ಮಲಗಿದ್ದಾರೆ."

"ಸರ ನನಗ ಬಿಡ್ರಿ. ಇವತ್ತು ನನ್ನ ಹುಟ್ಟಿದ ಹಬ್ಬ, ಎರಡೂ ಹೊತ್ತಿನ ಊಟ ನಮ್ಮ ಕಡೆಯಿಂದ. ಕ್ರೇಟು ಎರಡೂ ಇಲ್ಲೇ ಬರ್ತಾವ, ರೊಕ್ಕ ಇಲ್ಲ. ಹುಳ ಬಿದ್ದ ರವೆಗೆ ಜನವರಿಯಾಗ ಹೊಸಾ ರವೆ. ಆಗ್ತದೇನು?"

"ಡನ್ ಆಂಟಿ" ಎಂದ ಸ್ವರೂಪ್. "ನೀವು ಅಡುಗೆ ಮಾಡ್ತೀರಾ? ನಿಮ್ಮ ಬರ್ತ್‌ಡೇ ಅಂತೀರಾ..."

"ನಾ ಯಾಕ ಮಾಡ್ಲಿ? ನಮ್ಮನಿಯವರು ಮಾಡ್ತಾರ. ಭಾಂಡಿನೂ ಅವರೇ ತೊಳೀತಾರ. ಮೂರು ದಿನ ಬ್ಯಾರೆ ಕೆಲಸ ಇಲ್ಲ ಅವರಿಗೆ."

ಇಡೀ ವ್ಯವಹಾರ ಮುಗಿಯಲು ಅರ್ಧ ನಿಮಿಷ ಹಿಡಿಯಿತು. ದುಂಡಪ್ಪನಿಗೆ ಹೊಟ್ಟೆಯುರಿದದ್ದು ಸೋತದ್ದಕ್ಕಲ್ಲ, ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲವೆಂಬುದಕ್ಕೆ.

ತಾಯಿ ಮಗಳು ಕಾಡಿನ ಕಡೆ ನಡೆಯಲು ಹೋದರು. ಅಡುಗೆಮನೆಯ ಕಿಟಕಿಯಿಂದ ದುಂಡಪ್ಪ ನೋಡಿದ. ಗುರವ್ವ ಕೋಟಿನ ಮೇಲೆ ಚಪ್ಪಟೆ ಬೋರಮಾಳ ಹಾಕಿಕೊಂಡು ಹಿಮದಲ್ಲಿ ನಿಂತಿದ್ದಳು, ಇಳಾ ಫೋಟೋ ತೆಗೆಯುತ್ತಿದ್ದಳು. ಇಲ್ಲಿ ಆರು ಜನ ತಟ್ಟೆ ಹಿಡಿದು ಕೂತಿದ್ದರು. "ಅಂಕಲ್, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ" ಎಂದ ಪೃಥ್ವಿ.

ಜನವರಿ ಎರಡರಂದು ಗುರವ್ವ ಗಲ್ಲಾದ ಕುರ್ಚಿಯಲ್ಲಿ ಕೂತಳು. ಇಳಾ ರೆಕಾರ್ಡಿಂಗ್ ಹಾಕಿ ತೋರಿಸುವ ಪ್ರಸಂಗ ಬರಲಿಲ್ಲ. ಗುರವ್ವ ಮೊದಲು ಮಾಡಿದ ಕೆಲಸ ಆ ಬೋರ್ಡು ಇಳಿಸಿದ್ದು. ಬೋಣಿಯ ಗಿರಾಕಿ ಸ್ವರೂಪ್, ರವೆಗೆ ಬಂದಿದ್ದ. ಹೋಗುವಾಗ ಹತ್ತು ಕೇಜಿ ಅಕ್ಕಿಯನ್ನೂ ಹೊತ್ತುಕೊಂಡು ಹೋದ. ದುಂಡಪ್ಪ ಹಿಂದಿನ ಕೋಣೆಯಲ್ಲಿ ಕೊತ್ತಂಬರಿ ಕಟ್ಟು ಕಟ್ಟುತ್ತ ಅದನ್ನೆಲ್ಲ ಕೇಳಿಸಿಕೊಂಡ.

ಬೋರಮಾಳ ಊರಿಗೆ ಹೋಗಿದೆ. ಪತ್ತಾರ ಹೊಸ ಅರಗು ತುಂಬಿ ಯುಗಾದಿಯೊಳಗೆ ಕೊಡುತ್ತೇನೆಂದಿದ್ದಾನೆ. ಕುರ್ಚಿ ಆಗಲೇ ಸಂದಾಯವಾಗಿದೆ. ಗುರವ್ವ ಕೇಳಿದ್ದು ಮಾತ್ರ ಅವೆರಡರಲ್ಲಿ ಒಂದೂ ಅಲ್ಲ.

ಬರೇ ಗಂಡನಾಗಿರುವ ಆ ಮೂರು ದಿನವನ್ನು ದುಂಡಪ್ಪ ಅವಳಿಗೆ ಇನ್ನೂ ಬಾಕಿ ಉಳಿಸಿಕೊಂಡಿದ್ದಾನೆ.